ಗಾಲ್ಫ್‌ನ ಹೆಬ್ಬಾಗಿಲು ಡ್ರೈವಿಂಗ್ ರೇಂಜ್

ಗಾಲ್ಫ್ ಉಳ್ಳವರ ಆಟ ಎಂಬ ಮಾತಿನ ಹಿಂದೆ ದುಡ್ಡಿನಷ್ಟೇ ಜಮೀನಿನ ಪ್ರಶ್ನೆಯೂ ಇದೆ. ಹದಿನೆಂಟು ಕುಳಿಗಳ ಕೋರ್ಸಿಗೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ನೆಲ ಬೇಕು. ಅಷ್ಟು ನೆಲ ಇದ್ದಲ್ಲಿ ಬೇಲಿ ಬರುತ್ತದೆ, ಬೇಲಿಯ ಹಿಂದೆಯೇ ಸದಸ್ಯತ್ವದ ಷರತ್ತೂ ಬರುತ್ತದೆ. ಈ ಕಟ್ಟನ್ನು ಸಡಿಲಿಸಿದ್ದು ಡ್ರೈವಿಂಗ್ ರೇಂಜ್, ಅಂದರೆ ಚೆಂಡು ಹೊಡೆಯುವ ಅಭ್ಯಾಸಕ್ಕೆಂದೇ ಇರುವ ಮೈದಾನ. ಹಿಂದೆ ಅಭ್ಯಾಸಕ್ಕೆಂದೇ ಬೇರೆ ಜಾಗ ಇರುತ್ತಿದ್ದುದು ಅಪರೂಪ. ಆಟಗಾರ ತನ್ನದೇ ಚೀಲದ ಚೆಂಡುಗಳನ್ನು ಸುರಿದುಕೊಂಡು ಹೊಡೆಯುತ್ತಿದ್ದ. ದೂರದಲ್ಲಿ ನಿಂತ ಕ್ಯಾಡಿ, ಅಂದರೆ ಆಟಗಾರನ ಚೀಲ ಹೊರುವ ಸಹಾಯಕ, ತನ್ನತ್ತಲೇ ಹಾರಿಬರುವ ಚೆಂಡುಗಳನ್ನು ಒಂದೊಂದಾಗಿ ಆಯುತ್ತಿದ್ದ. ಅಮೆರಿಕದ ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ 1910ರ ದಶಕದಲ್ಲಿ ರೂಪುಗೊಂಡ ‘ಮೇನಿಯಾಕ್ ಹಿಲ್’ ಅಭ್ಯಾಸಕ್ಕೆಂದೇ ಮೀಸಲಾದ ಮೊದಮೊದಲ ಮೈದಾನಗಳಲ್ಲಿ ಒಂದು. ಈಗ ಚೆಂಡು ಆಯುವುದು ಚಾಲಕನ ಸುತ್ತ ಜಾಲರಿ ಕಟ್ಟಿದ ವಾಹನ. ಆಟಗಾರ ಬಾಡಿಗೆ ಕೊಟ್ಟು ಪಡೆಯುವುದು ಒಂದು ಬುಟ್ಟಿ ಚೆಂಡು.

ಈ ವ್ಯವಸ್ಥೆಯ ಸಾಮಾಜಿಕ ಅರ್ಥ ಸ್ಪಷ್ಟವಾದದ್ದು ಜಪಾನಿನಲ್ಲಿ. 1957ರಲ್ಲಿ ಟೋಕಿಯೊ ಸಮೀಪದ ಕಸುಮಿಗಾಸೆಕಿಯಲ್ಲಿ ನಡೆದ ಕೆನಡಾ ಕಪ್ ಗಾಲ್ಫ್ ಪಂದ್ಯಾವಳಿಯನ್ನು ಆತಿಥೇಯ ಜಪಾನ್ ಗೆದ್ದಿತು. ವೈಯಕ್ತಿಕ ಪ್ರಶಸ್ತಿ ತೊರಾಕಿಚಿ ನಕಮುರಾ ಪಾಲಾಯಿತು. ದೇಶಕ್ಕೆ ಗಾಲ್ಫ್ ಹುಚ್ಚು ಹಿಡಿಯಿತು. ಆದರೆ ನಗರಗಳಲ್ಲಿ ಕೋರ್ಸಿಗೆ ಜಾಗ ಎಲ್ಲಿ? ಜಪಾನೀಯರು ಅಭ್ಯಾಸವನ್ನು ಮೇಲಕ್ಕೆ ಬೆಳೆಸಿದರು: ಎರಡು ಮೂರು ಮಹಡಿಗಳ ಹೊಡೆತದ ಕಟ್ಟೆಗಳು, ಸುತ್ತ ಎತ್ತರದ ಉಕ್ಕಿನ ಕಂಬಗಳು, ಅವಕ್ಕೆ ಬಿಗಿದ ಹಸಿರು ಬಲೆ. ಕಚೇರಿ ಮುಗಿಸಿದ ನೌಕರ ರಾತ್ರಿ ದೀಪದ ಬೆಳಕಲ್ಲಿ ಆಡುವಂತಾಯಿತು. 2019ರ ಚಂಡಮಾರುತದಲ್ಲಿ ಇಚಿಹಾರಾದ ಇಂಥದೊಂದು ಬಲೆ ಕಂಬಗಳ ಸಮೇತ ಪಕ್ಕದ ಮನೆಗಳ ಮೇಲೆ ಉರುಳಿತು, ನಿಜ. ಅದು ಸುರಕ್ಷತೆಯ ನಿಯಮಗಳು ಬಿಗಿಯಾಗಿರಬೇಕು ಎಂಬುದಕ್ಕೆ ಆಧಾರವೇ ಹೊರತು ರೇಂಜ್ ಬೇಡವೆಂಬುದಕ್ಕಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಆಟ ಬಲ್ಲವರಿಂದ: ರೇಂಜಿನಲ್ಲಿ ಕಲಿತದ್ದು ಗಾಲ್ಫ್ ಅಲ್ಲ. ರೇಂಜಿನಲ್ಲಿ ಹಾಸಿದ ಚಾಪೆಯ ಮೇಲೆ ಕ್ಲಬ್ಬು (ಹೊಡೆಯುವ ಕೋಲು) ಚೆಂಡಿಗಿಂತ ಒಂದಿಂಚು ಹಿಂದೆ ಬಡಿದರೂ ಜಾರಿ ಮುಂದೆ ಹೋಗುತ್ತದೆ, ಚೆಂಡೂ ಹಾರುತ್ತದೆ. ಅದೇ ಹೊಡೆತ ಹುಲ್ಲಿನಲ್ಲಾದರೆ ಕ್ಲಬ್ಬು ಮಣ್ಣಿಗೆ ಕಚ್ಚಿ ಚೆಂಡು ಕಾಲಬುಡದಲ್ಲೇ ಬೀಳುತ್ತದೆ. ಇಳಿಜಾರಿಲ್ಲ, ಮರಳಿಲ್ಲ, ತಪ್ಪಿದರೆ ದಂಡವೂ ಇಲ್ಲ. ಇದೆಲ್ಲ ಒಪ್ಪತಕ್ಕದ್ದೇ. ದೂರ ಹೊಡೆಯುವ ‘ಡ್ರೈವರ್’ ಕ್ಲಬ್ಬೊಂದನ್ನೇ ಹಿಡಿದು ಬುಟ್ಟಿ ಬರಿದು ಮಾಡುವವನಿಗೆ ದಣಿವಷ್ಟೇ ಲಾಭ. ಆದರೆ ಪ್ರತಿ ಚೆಂಡಿಗೂ ಗುರಿ ಬದಲಿಸಿ, ಕ್ಲಬ್ಬು ಬದಲಿಸಿ, ಕೋರ್ಸಿನಲ್ಲಿ ನಿಂತಂತೆ ಯೋಚಿಸಿ ಹೊಡೆದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಅಷ್ಟಕ್ಕೂ ರೇಂಜ್ ಕೋರ್ಸಿನ ಬದಲಿಯಲ್ಲ. ಆಟಕ್ಕೆ ಹೊಸಬರನ್ನು ಕರೆತರುವುದು ಅದರ ಮೊದಲ ಕೆಲಸ.

ಇದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಇಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಆದರೂ ಇಲ್ಲಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಆಟಕ್ಕೆ ಬಂದದ್ದು ಮನೆತನದ ಗಾಲ್ಫ್ ನಂಟಿನಿಂದಲ್ಲ. ಐದರ ವಯಸ್ಸಿನಲ್ಲಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಡ್ರೈವಿಂಗ್ ರೇಂಜ್ ಕಾಣುವ ಹೋಟೆಲಿಗೆ ಮನೆಯವರ ಜೊತೆ ತಿಂಡಿಗೆ ಹೋಗುತ್ತಿದ್ದಾಗ ಹುಟ್ಟಿದ ಕುತೂಹಲ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಕೆ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಅವರ ಬಲ ದೂರದ ಡ್ರೈವ್ ಅಲ್ಲ, ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಪಟಿಂಗ್. ಹಾಗಾಗಿ ರೇಂಜಿನ ಪಕ್ಕ ಪಟಿಂಗ್ ಹುಲ್ಲುಹಾಸೂ ಇರಬೇಕು. ಕಣ್ಣಿಗೆ ಬೀಳದ ಆಟವನ್ನು ಯಾವ ಮಗುವೂ ಬಯಸದು. ಹೊಸ ಕೋರ್ಸಿಗೆ ನೂರಾರು ಎಕರೆ ಹೊಂದಿಸುವುದು ನಮ್ಮ ನಗರಗಳಿಗೆ ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಬುಟ್ಟಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಆಡಬಹುದಾದ ಸಾರ್ವಜನಿಕ ರೇಂಜುಗಳನ್ನು ಮಾತ್ರ ನಗರಗಳು ಕಟ್ಟಬಲ್ಲವು, ಕಟ್ಟಲೇಬೇಕು.