ನಿಮಗಿದು ಗೊತ್ತೆ? ಧೂಳಿನ ಮರೆಯಲ್ಲಿ ಸೂರ್ಯರ ಹುಟ್ಟು
ಹಬಲ್ ದೂರದರ್ಶಕಕ್ಕೆ ಕಾಣದ್ದು ಅಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಅದು 1995ರಲ್ಲಿ ತೆಗೆದ ‘ಹಬಲ್ ಡೀಪ್ ಫೀಲ್ಡ್’ ಚಿತ್ರದಲ್ಲಿ ಸುಳಿವೇ ಇಲ್ಲದ ಎಚ್‌ಡಿಎಫ್ 850.1 ಎಂಬ ಗ್ಯಾಲಕ್ಸಿಯನ್ನು 1998ರಲ್ಲಿ ಹವಾಯಿಯ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕ ಪತ್ತೆಹಚ್ಚಿತು. ಅದನ್ನು ಮರೆಮಾಡಿದ್ದು ಧೂಳು. ಎಳೆಯ ನಕ್ಷತ್ರಗಳ ಬೆಳಕನ್ನು ಹೀರಿ ಬಿಸಿಯಾದ ಧೂಳು ಆ ಶಕ್ತಿಯನ್ನು ದೀರ್ಘ ತರಂಗಗಳಾಗಿ ಹೊರಸೂಸುತ್ತದೆ. ಹಿಗ್ಗುತ್ತಿರುವ ಬ್ರಹ್ಮಾಂಡ ಆ ತರಂಗಗಳನ್ನು ಇನ್ನಷ್ಟು ಉದ್ದವಾಗಿಸುತ್ತದೆ; ಹವಾಯಿಯ ದೂರದರ್ಶಕ ಗ್ರಹಿಸಿದ್ದು ಅವನ್ನೇ. ಧೂಳನ್ನು ಕಾಯಿಸಿದ್ದು ಕಪ್ಪುಕುಳಿಯೇ ಏಕಾಗಿರಬಾರದು? ನ್ಯಾಯವಾದ ಆಕ್ಷೇಪವೇ. ಆದರೆ ಫ್ರಾನ್ಸಿನ ಆಲ್ಪ್ಸ್ ಪರ್ವತದ ರೇಡಿಯೊ ಆಂಟೆನಾಗಳಿಗೆ ಅಲ್ಲಿ ನಕ್ಷತ್ರಗಳ ಕಚ್ಚಾವಸ್ತುವಾದ ತಣ್ಣನೆಯ ಅನಿಲವೂ ಹೇರಳವಾಗಿ ಸಿಕ್ಕಿತು. 2012ರಲ್ಲಿ ಪ್ರಕಟವಾದ ಆ ವೀಕ್ಷಣೆಯ ಲೆಕ್ಕದಂತೆ, ಸುಮಾರು 1,250 ಕೋಟಿ ವರ್ಷಗಳ ಹಿಂದೆ ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ದ್ರವ್ಯರಾಶಿ ನಕ್ಷತ್ರಗಳಾಗುತ್ತಿತ್ತು. ನಮ್ಮ ಕ್ಷೀರಪಥದಲ್ಲಿ ಈಗ ಹಾಗೆ ಹುಟ್ಟುವುದು ಒಂದೆರಡು ಸೂರ್ಯರಷ್ಟು ಮಾತ್ರ.