ಮಡಚಿದರೆ ಗೋಡೆ, ಬಿಚ್ಚಿದರೆ ಗೂಡು

ತೊಗರಿ ಕಣಕ್ಕೆ ಬಂದಾಗ ನಮ್ಮ ಮನೆಯಲ್ಲಿ ವರ್ಷಾ ಒಂದೇ ಮಾತು: "ಇಡೋದೆಲ್ಲಿ?" ಅಣ್ಣತಮ್ಮಂದಿರ ಪಾಲಾದ ಮೇಲೆ ನನ್ನ ಪಾಲಿಗೆ ಬಂದದ್ದು ಎರಡು ಅಂಕಣದ ಮನೆ, ನಾಲ್ಕು ಎಕರೆ ಹೊಲ. ಮಳೆ ಕೈಹಿಡಿದ ವರ್ಷ ಹದಿನೈದು ಕ್ವಿಂಟಲ್ ತೊಗರಿ ಆಗುತ್ತದೆ. ಐವತ್ತು ಕಿಲೋದ ಮೂವತ್ತು ಚೀಲ. ಮನೆಯಲ್ಲಿ ಅವ್ವ, ಹೆಂಡತಿ, ನಾನು, ಎರಡು ಭಾಷೆಯ ನನ್ನ ಪುಸ್ತಕ, ಅವ್ವನ ಬೀಜದ ಗಡಿಗೆ. ಇವುಗಳ ನಡುವೆ ಮೂವತ್ತು ಚೀಲ ಎಲ್ಲಿ ಒಟ್ಟಬೇಕು?

ಹೀಗಾಗಿ ಆರು ವರ್ಷ ಕಣದಲ್ಲೇ ಮಾರಿದೆ. ವ್ಯಾಪಾರಿ ಕಾಟಾ ತಂದ, ತೂಗಿದ, ಒಯ್ದ. ಧಾರಣೆ ಒಪ್ಪಿಗೆಯಾಗಿ ಮಾರಿದ್ದಲ್ಲ, ಜಾಗ ಇಲ್ಲದೆ ಮಾರಿದ್ದು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಎಷ್ಟೋ ಸಣ್ಣ ಒಕ್ಕಲಿಗರ ಕಥೆ ಇದೇ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗಡಿಯಾಚೆ ಕಲಬುರಗಿ ತೊಗರಿಗೆ 2019ರಲ್ಲೇ ಸಿಕ್ಕಿತ್ತು. ಕೇಂದ್ರ ಸರ್ಕಾರ 2024-25ಕ್ಕೆ ಕ್ವಿಂಟಲಿಗೆ 7,550 ರೂಪಾಯಿ, 2025-26ಕ್ಕೆ 8,000 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತು. ಹೆಸರೂ ಬಂತು, ಬೆಲೆಯೂ ಗೊತ್ತಾಯಿತು. ಆದರೆ ಖರೀದಿ ಕೇಂದ್ರ ತೆರೆಯುವ ತನಕ, ಪೇಟೆ ಸುಧಾರಿಸುವ ತನಕ ಮಾಲು ಎಲ್ಲಿ ಕಾಯಬೇಕು? ದೊಡ್ಡವರಿಗೆ ಗೋದಾಮು ಉಂಟು. ಹತ್ತಿಪ್ಪತ್ತು ಚೀಲದವನಿಗೆ ಗಾಡಿ ಬಾಡಿಗೆ, ಹಮಾಲಿ ಕಳೆದರೆ ಗೋದಾಮು ದೂರವೇ. ಕ್ವಿಂಟಲಿಗೆ ಬರೀ 500 ರೂಪಾಯಿ ಹೆಚ್ಚು ಸಿಕ್ಕರೂ ಹದಿನೈದು ಕ್ವಿಂಟಲಿಗೆ 7,500 ರೂಪಾಯಿ. ಆ ದುಡ್ಡು ನನ್ನ ಮನೆಯ ಒಂದು ಗೋಡೆಯ ಹತ್ತಿರ ಸಿಕ್ಕಿಬಿದ್ದಿತ್ತು ಎಂದರೆ ನೀವು ನಗಬಹುದು. ಲೆಕ್ಕ ಹೇಳುತ್ತೇನೆ, ಕೇಳಿ.

ಎಂಟು ಅಡಿಯ ಲೆಕ್ಕ

ನನ್ನ ಪಡಸಾಲೆ ಒಂಬತ್ತು ಅಡಿ ಅಗಲ, ಎಂಟು ಅಡಿ ಆಳ. ಹಿಂದಿನ ಗೋಡೆಗುಂಟ ಒಂದು ಅಡಿ ಅಗಲದ ಶೆಲ್ಫು ಇತ್ತು. ಅದರ ಮುಂದೆ ಮನುಷ್ಯ ನಿಲ್ಲಲು ಒಂದೂವರೆ ಅಡಿ ಬೇಕು. ಆಮೇಲೆ ಚೀಲದ ಸಾಲಿಗೆ ಎರಡೂವರೆ ಅಡಿ. ಅಲ್ಲಿಗೆ ಐದು ಅಡಿ ಹೋಯಿತು. ಉಳಿದ ಮೂರಡಿಯಲ್ಲೇ ಬಾಗಿಲು, ಅದರಲ್ಲೇ ಅವ್ವನ ಮಂಚ. ಆಗುವ ಮಾತಲ್ಲ.

ಶೆಲ್ಫು ತೆಗೆದುಬಿಟ್ಟರೆ? ಚೀಲ ಗೋಡೆಗೆ ತಾಗಬಾರದು, ತಾಗಿದರೆ ತಂಪು ಹಿಡಿದು ಕಾಳು ಮುಗ್ಗುತ್ತದೆ. ಗಾಳಿ ಆಡಲು ಒಂದು ಗೇಣು ಬಿಡಬೇಕು. ಗೇಣು ಎಂದರೆ ಮುಕ್ಕಾಲು ಅಡಿ. ಚೀಲದ ಸಾಲಿಗೆ ಎರಡೂವರೆ. ಒಟ್ಟು ಮೂರೂಕಾಲು ಅಡಿ. ಒಂಬತ್ತು ಅಡಿ ಉದ್ದಕ್ಕೆ ಆರು ಚೀಲ, ಐದು ಅಟ್ಟಿ, ಮೂವತ್ತೂ ಕೂತವು. ಮುಂದೆ ಇನ್ನೂ ನಾಲ್ಕೂಮುಕ್ಕಾಲು ಅಡಿ ಉಳಿಯಿತು. ಆದರೆ ಚೀಲ ಎರಡು ತಿಂಗಳ ಅತಿಥಿ. ಉಳಿದ ಹತ್ತು ತಿಂಗಳು ಶೆಲ್ಫು ಬೇಕೇ ಬೇಕು. ಹಾಗಾದರೆ ನಮಗೆ ಬೇಕಾದದ್ದು ಮಡಚುವ ಶೆಲ್ಫು.

ಹಿರಿಯರು ಏನು ಮಾಡುತ್ತಿದ್ದರು?

ಇದು ಹೊಸ ವಿಚಾರ ಅಂದುಕೊಂಡು ನಾನು ಬೀಗಿದ್ದೆ. ಅವ್ವ ಮೇಲೆ ಕೈ ತೋರಿಸಿದಳು. ಜಂತಿಯಿಂದ ನೆಲವು ತೂಗುತ್ತಿತ್ತು. ತೆಲುಗಿನಲ್ಲಿ ಅದೇ ಉಟ್ಟಿ. ಮೊಸರಿನ ಗಡಿಗೆ ಇಟ್ಟರೆ ಅದು ಗೂಡು. ಗಡಿಗೆ ತೆಗೆದರೆ ನಾಲ್ಕು ಹಗ್ಗ, ಮುಷ್ಟಿಯಲ್ಲಿ ಹಿಡಿಸುತ್ತದೆ. ಹಗೇವೂ ಹಾಗೆಯೇ, ತೆಲುಗಿನ ಪಾತರ. ಅಂಗಳದಲ್ಲಿ ಕುಣಿ ತೆಗೆದು ಜೋಳ ತುಂಬಿ ಬಾಯಿ ಮುಚ್ಚಿದರೆ ಮೇಲೆ ಬಂಡಿ ಓಡಾಡುತ್ತಿತ್ತು. (ಅದನ್ನು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಇಳಿಯುತ್ತಿದ್ದರು.) ಜಾಗ ತಿನ್ನದೆ ದಾಸ್ತಾನು ಮಾಡುವ ವಿದ್ಯೆ ನಮ್ಮವರಿಗೆ ಗೊತ್ತಿತ್ತು.

ಇನ್ನೊಂದು ಗುರು ಮಠದಲ್ಲಿ ಪುರಾಣ ಹೇಳುವಾಗ ಗ್ರಂಥ ಇಡುವ ವ್ಯಾಸಪೀಠ. ಮಸೀದಿಯಲ್ಲಿ ಅದೇ ರಿಹಾಲ್. ಒಂದೇ ಹಲಗೆಯನ್ನು ಸೀಳಿ, ಅದರ ಮರದಲ್ಲೇ ಬೆರಳು ಹೆಣೆದಂತೆ ಕೀಲು ಕೊರೆಯುತ್ತಾರೆ. ಮೊಳೆ ಇಲ್ಲ, ಅಂಟಿಲ್ಲ. ಬಿಚ್ಚಿದರೆ ಪೀಠ, ಮುಚ್ಚಿದರೆ ಹಲಗೆ. ಮೂರನೆಯ ಗುರು ರೈಲಿನ ಸ್ಲೀಪರ್ ಡಬ್ಬಿಯ ನಡುವಿನ ಬರ್ತು. ರಾತ್ರಿ ಸರಪಳಿಗೆ ಸಿಕ್ಕಿಸಿದರೆ ಹಾಸಿಗೆ, ಹಗಲು ಇಳಿಬಿಟ್ಟರೆ ಕೂತವರ ಬೆನ್ನಿಗೆ ಆಸರೆ. ಒಂದು ವಸ್ತುವಿಗೆ ಎರಡು ಕೆಲಸ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಿದ್ದ ಶೆಲ್ಫಿನ ಪಾಠ

ಮೊದಲನೆಯದನ್ನು ನಾನೇ ಮಾಡಿದೆ, ಯಾರನ್ನೂ ಕೇಳಲಿಲ್ಲ. ಹಳೇ ಶೆಲ್ಫು ಕಿತ್ತು, ಮಣ್ಣಿನ ಗೋಡೆಯಲ್ಲಿ ಮರದ ಗುಳಿ ಹೊಡೆದು, ನಾಲ್ಕು ಇಂಚಿನ ಕಬ್ಬಿಣದ ಮಡಚು ಪಟ್ಟಿ ಕೂಡಿಸಿ, ಅದರ ಮೇಲೆ ಹಲಗೆ ಹಾಕಿದೆ. ನೋಡಲು ಚೆಂದವಿತ್ತು. ಮೇಲೆ ಅವ್ವನ ಬೀಜದ ಗಡಿಗೆಗಳನ್ನಿಟ್ಟೆ. ಮೂರನೆಯ ರಾತ್ರಿ ಗೋಡೆಯ ಮಣ್ಣು ಸಮೇತ ಎಲ್ಲಾ ಕೆಳಗೆ ಬಂತು. ಕುಸುಬೆ, ಅಗಸೆ, ಪುಂಡಿ, ಅಲಸಂದಿ, ಬಿಳಿಜೋಳ, ಹೆಸರು, ಎಲ್ಲಾ ಒಂದಾಗಿ ಬಂಡೆಯ ಮೇಲೆ ಹರಡಿದವು. ಜೊತೆಗೆ ಗಡಿಗೆಯ ಚೂರು, ಬೂದಿ, ಒಣಗಿದ ಬೇವಿನೆಲೆ.

ಅವ್ವನಿಗೆ ಎಂಬತ್ತು ದಾಟಿದೆ. ಬೈಯಲಿಲ್ಲ. "ಗ್ವಾಡಿಗಿ ಕಿವಿ ಇರ್ತಾವಂತ, ಕೈ ಇರಲ್ಲಪ್ಪಾ," ಅಂದಳು. ಬೆಳಗಾದ ಮೇಲೆ ಮೊರ ಹಿಡಿದು ಕೂತಳು. ನಾಲ್ಕು ದಿನ ಕೇರಿದಳು, ಆರಿಸಿದಳು. ಕಣ್ಣು ಸರಿ ಕಾಣದೆ ಬೆರಳಿನಿಂದಲೇ ಕಾಳು ಗುರುತಿಸಿದಳು. ಅಗಸೆ, ಪುಂಡಿ ಪೂರಾ ಬೇರೆಯಾಗಲಿಲ್ಲ. ಆ ಬೀಜ ಅವಳು ತವರಿನಿಂದ ತಂದದ್ದು, ಪೇಟೆಯಲ್ಲಿ ಸಿಗುವುದಲ್ಲ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು ಇಂಥ ಬೀಜವನ್ನು ಮಣ್ಣು-ಸಗಣಿ ಬಳಿದ ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಹಾಕಿ ಕಾಯ್ದುಕೊಂಡು ಬಂದದ್ದಕ್ಕೇ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯ ತನಕ ಹೋದರು. ನಾನು ನಾಲ್ಕು ಸ್ಕ್ರೂ ನಂಬಿ ಚೆಲ್ಲಿಬಿಟ್ಟೆ. ಉಟ್ಟಿಗೆ ಹಾರಲಾರದವಳು ಸ್ವರ್ಗಕ್ಕೆ ಹಾರುತ್ತೇನೆಂದಳಂತೆ ಎಂದು ತೆಲುಗಿನಲ್ಲಿ ಗಾದೆ ಇದೆ. ನನಗೇ ಹೇಳಿದಂತಿತ್ತು.

ಬಡಿಗನ ಮಾತು

ಆಮೇಲೆ ಪಕ್ಕದೂರಿನ ಬಡಿಗನನ್ನು ಕರೆತಂದೆ. ಅವನು ತೆಲುಗಿನವ. ಗೋಡೆಯ ಗಾಯ ನೋಡಿ, ಬೀಡಿ ಹಚ್ಚಿ ಒಂದೇ ಮಾತು ಹೇಳಿದ: "ಪಟೇಲಾ, ಬರುವು ಗೋಡಕು ಕಾದು, ನೇಲಕು ಇಯ್ಯಾಲೆ." ಭಾರವನ್ನು ಗೋಡೆಗಲ್ಲ, ನೆಲಕ್ಕೆ ಕೊಡಬೇಕು.

ಇದರ ಒಳಗಿನ ಲೆಕ್ಕ ಹೀಗಿದೆ. ಒಂದು ಅಡಿ ಅಗಲದ ಹಲಗೆಯ ಮೇಲೆ ನಲವತ್ತು ಕಿಲೋ ಭಾರ ಸಮನಾಗಿ ಹರಡಿದೆ ಅನ್ನಿ. ಹಲಗೆ ಮುಂದಕ್ಕೆ ವಾಲುತ್ತದೆ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಗೆ ಎಳೆಯುತ್ತದೆ. ಕೆಳಗಿನ ಪಟ್ಟಿ ಒಂದು ಅಡಿ ಎತ್ತರವಿದ್ದರೆ ಆ ಎಳೆತ ಇಪ್ಪತ್ತು ಕಿಲೋ. ನಾಲ್ಕೇ ಇಂಚು ಇದ್ದರೆ ಅರವತ್ತು ಕಿಲೋ. ಸಿಮೆಂಟಿನ ಇಟ್ಟಿಗೆ ಗೋಡೆಯಾದರೆ ಒಂದು ಅಡಿ ಎತ್ತರದ ತ್ರಿಕೋನ ಪಟ್ಟಿ ಹಾಕಿ ತಡೆಯಬಹುದು. ನಮ್ಮ ಮಾಳಿಗೆ ಮನೆಗಳಲ್ಲಿ ಮಾಳಿಗೆಯ ಭಾರ ಹೊರುವುದು ಕಂಬ, ತೊಲೆ, ಜಂತಿ. ಮಣ್ಣಿನ ಗೋಡೆ ಬರೀ ಮರೆ. ಮರೆಗೆ ಭಾರ ಹೊರಿಸಿದರೆ ಅದು ಏನು ಮಾಡೀತು?

ಬಡಿಗ ಮಾಡಿದ್ದು ಇಷ್ಟು. ಹಿಂದಿನ ಗೋಡೆಯಲ್ಲಿ ಮೂರು ಕಂಬ ಇವೆ, ನಾಲ್ಕೂವರೆ ಅಡಿಗೆ ಒಂದರಂತೆ. ಐದೂವರೆ ಅಡಿ ಎತ್ತರ, ಒಂದು ಅಡಿ ಅಗಲದ ಮೂರು ಏಣಿ ಮಾಡಿದ, ಒಂದೊಂದಕ್ಕೆ ನಾಲ್ಕು ಮೆಟ್ಟಿಲು. ಒಂದೊಂದು ಏಣಿಯನ್ನು ಒಂದೊಂದು ಕಂಬಕ್ಕೆ ಎರಡು ಬಿಜಾಗರಿ ಹಾಕಿ, ಕಿಟಕಿಯ ಬಾಗಿಲು ಕೂಡಿಸಿದ ಹಾಗೆ ಕೂಡಿಸಿದ. ತೆರೆದರೆ ಏಣಿ ಗೋಡೆಗೆ ಅಡ್ಡಲಾಗಿ ನಿಲ್ಲುತ್ತದೆ, ಅದರ ಮುಂದಿನ ಕಾಲು ನೆಲಕ್ಕೆ ಬರುತ್ತದೆ. ಕಾಲಿನ ಕೆಳಗೆ ಒಂದು ಬೆಣೆ ತಳ್ಳಿದರೆ ಭಾರ ನೇರ ನೆಲಕ್ಕೆ. ಬಿಜಾಗರಿ ಏಣಿಯನ್ನು ನಿಲ್ಲಿಸುತ್ತದೆ, ಭಾರ ಹೊರುವುದಿಲ್ಲ. ಎರಡು ಏಣಿಯ ನಡುವೆ ಮೆಟ್ಟಿಲಿಗೊಂದರಂತೆ ಹಲಗೆ, ಒಟ್ಟು ಎಂಟು. ಪ್ರತಿ ಹಲಗೆಯ ಅಡಿಗೆ ಮೆಟ್ಟಿಲನ್ನು ಹಿಡಿಯುವಂತೆ ಪಟ್ಟಿ ಬಡಿದಿದ್ದಾನೆ. ಹಲಗೆ ಕೂತರೆ ಏಣಿ ಅತ್ತಿತ್ತ ಅಲುಗದು.

ಮಡಚುವಾಗ ಹಲಗೆ ಎತ್ತು, ಬೆಣೆ ತೆಗೆ, ಏಣಿ ತಿರುಗಿಸು. ಮೂರು ಇಂಚಿನಲ್ಲಿ ಗೋಡೆಗೆ ಒರಗಿಬಿಡುತ್ತದೆ. ಚೀಲಕ್ಕೂ ಗೋಡೆಗೂ ನಡುವೆ ಗಾಳಿಗೆಂದು ಬಿಟ್ಟ ಗೇಣು ಜಾಗದಲ್ಲೇ ಮಡಚಿದ ಶೆಲ್ಫು ನಿಲ್ಲುತ್ತದೆ. ಕಳಚಿದ ಹಲಗೆ ಎಲ್ಲಿಡುವುದು? ಇಟ್ಟಿಗೆಯ ಮೇಲೆ ಹಾಸಿ ಅದರ ಮೇಲೆ ಚೀಲ ಒಟ್ಟುತ್ತೇವೆ. ನೆಲದ ತಂಪು ತಾಗದಿರಲು ಹೇಗೂ ಹಲಗೆ ಬೇಕಲ್ಲ! ರೈಲಿನ ಬರ್ತಿನ ಹಾಗೆ ಒಂದಕ್ಕೆ ಎರಡು ಕೆಲಸ. ಇಟ್ಟಿಗೆಯನ್ನು ಹಲಗೆಯ ಎರಡೂ ತುದಿಗೆ, ನಡುವೆ ಎರಡು ಕಡೆ ಇಡಬೇಕು, ಇಲ್ಲವಾದರೆ ಚೀಲದ ಭಾರಕ್ಕೆ ಮುರಿದೀತು.

ಆ ಎರಡು ತಿಂಗಳು ಬೀಜದ ಗಡಿಗೆ ನೆಲವಿನಲ್ಲಿ, ಪುಸ್ತಕ ಟ್ರಂಕಿನಲ್ಲಿ, ಟ್ರಂಕು ಮಂಚದ ಕೆಳಗೆ.

ಮಾಡಿಸುವವರಿಗೆ ನಾಲ್ಕು ಮಾತು

ಹಲಗೆ ಉದ್ದವಾದಷ್ಟೂ ಬಾಗುತ್ತದೆ. ಅಷ್ಟೇ ಭಾರಕ್ಕೆ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಅದಕ್ಕೇ ಒಂದು ಇಂಚಿನ ಹಲಗೆಗೆ ನಾಲ್ಕೂವರೆ ಅಡಿ ದಾಟಿಸಬೇಡಿ, ನಡುವೆ ಒಂದು ಏಣಿ ಹೆಚ್ಚು ಹಾಕಿ.

ಕಲ್ಲಿನ ಆಸೆ ಬೇಡ. ತಾಂಡೂರು ಬಂಡೆ, ಶಹಾಬಾದ್ ಫರಸಿ ಗೋಡೆಯಲ್ಲಿ ಹುಗಿದ ಶೆಲ್ಫಿಗೆ ಒಳ್ಳೆಯದು, ತಲೆಮಾರು ಬಾಳುತ್ತದೆ. ಆದರೆ ಒಂದು ಇಂಚು ದಪ್ಪ, ಒಂದು ಅಡಿ ಅಗಲ, ನಾಲ್ಕು ಅಡಿ ಉದ್ದದ ಬಂಡೆ ಸುಮಾರು ಇಪ್ಪತ್ತೈದು ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಸಾಗವಾನಿ ಆರು ಕಿಲೋ. ಎತ್ತಿ ಇಡುವವರು ಮನೆಯ ಹೆಂಗಸರು, ಅದನ್ನು ನೋಡಿ ಮರ ಆರಿಸಿ. ನಾನು ಪಾಲಿನಲ್ಲಿ ಬಂದ ಹಳೇ ಬಾಗಿಲು ಕೊಯ್ಯಿಸಿದೆ. ಬೇವಿನ ಹಲಗೆಯೂ ಆದೀತು, ಹುಳ ಬೇಗ ಮುಟ್ಟುವುದಿಲ್ಲ. ಏಣಿಯ ಕಾಲು ಮಣ್ಣಿನ ನೆಲಕ್ಕೆ ತಾಗಿದರೆ ಗೆದ್ದಲು ಏರುತ್ತದೆ. ಕೆಳಗೊಂದು ಬಂಡೆಯ ಚೂರು ಇರಲಿ.

ಕಂಬ ಇಲ್ಲದ ಮನೆಯವರು ಹಲಗೆಯ ಹಿಂದಿನ ಅಂಚನ್ನು ಗೋಡೆಗೆ ಬಿಜಾಗರಿಯಿಂದ ಸೇರಿಸಿ, ಮುಂದಿನ ಅಂಚನ್ನು ಮೇಲಿನ ಜಂತಿಗೆ ಸರಪಳಿಯಿಂದ ತೂಗುಹಾಕಬಹುದು. ಸರಪಳಿ ನೆಟ್ಟಗೆ ಇಳಿಯಬೇಕು. ಓರೆಯಾಗಿ ಗೋಡೆಗೇ ಕಟ್ಟಿದರೆ ಮತ್ತೆ ಗೋಡೆಯನ್ನು ಎಳೆಯುತ್ತದೆ, ನನ್ನ ಗತಿಯೇ ನಿಮ್ಮದು.

ಅಂಗಡಿಯವರಿಗೂ ಇದು ಹೊಸದಲ್ಲ. ಹಳೇ ಪೇಟೆಯ ಅಂಗಡಿಗಳ ಹಲಗೆ ಬಾಗಿಲು ನೋಡಿದ್ದೀರಲ್ಲ? ಒಂದೊಂದು ಹಲಗೆಗೂ ನಂಬರು, ಮುಂಜಾನೆ ಕಳಚಿ ಕಟ್ಟೆಯ ಮೇಲೆ ಹಾಸಿದರೆ ಅದೇ ಮಾಲು ಇಡುವ ಜಾಗ. ಷಟರು ಬಂದ ಮೇಲೆ ಆ ಜಾಣ್ಮೆ ಮರೆತೆವು. ಇಕ್ಕಟ್ಟಿನ ಕಿರಾಣಿ ಅಂಗಡಿಯಲ್ಲಿ ಏಣಿ ಶೆಲ್ಫು ಹಾಕಿದರೆ ಸಂತೆಯ ದಿನ ಮಾಲಿಗೆ ತೆರೆಯಬಹುದು, ಲಾರಿ ಬಂದ ದಿನ ಚೀಲಕ್ಕೆ ಮಡಚಬಹುದು.

ಒಂದು ಮಾತು, ಎರಡು ಅರ್ಥ

1956ರ ನವೆಂಬರ್ 1ರಂದು ಗೆರೆ ಎಳೆದಾಗ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದಿನ ಬಹುಪಾಲು, ಗುಲ್ಬರ್ಗಾದ ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ತೆಲಂಗಾಣದಲ್ಲಿವೆ. ಆದರೂ ಬಡಿಗನಿಗೂ ನನಗೂ ಮಾತು ತಿಳಿಯದೆ ಕೆಲಸ ನಿಲ್ಲಲಿಲ್ಲ. ನನ್ನ ಗೋಡೆ ಅವನ ಗೋಡ, ನನ್ನ ಗೂಡು ಅವನದೂ ಗೂಡು, ಅಂಕಣ ಅವನಿಗೆ ಅಂಕಣಂ. ಬಿಜಾಗರಿ ಒಂದಕ್ಕೆ ಮಾತ್ರ ಅವನು ಹೈದರಾಬಾದಿನ ಮಿಸ್ತ್ರಿಗಳಂತೆ ಕಬ್ಜಾ ಅಂದ. ನಾನು ನಕ್ಕೆ. ನಮ್ಮಲ್ಲಿ ಮಂದಿಯ ಜಾಗ ಒತ್ತಿಕೊಳ್ಳುವುದಕ್ಕೂ ಕಬ್ಜಾ ಅನ್ನುತ್ತಾರೆ. ಇಲ್ಲಿ ಆರು ಕಬ್ಜಾ ಸೇರಿ ನನ್ನ ಜಾಗ ನನಗೆ ಬಿಡಿಸಿಕೊಟ್ಟವು.

ಕಳೆದ ಹಂಗಾಮಿನಲ್ಲಿ ವ್ಯಾಪಾರಿ ಕಣಕ್ಕೆ ಬಂದಾಗ, "ಈ ಸಲ ಇಲ್ರೀ ಸಾವ್ಕಾರ್ರೆ, ಮನಿಗೆ ಒಯ್ತೀವಿ," ಅಂದೆ. ಅವರು ನಂಬಲಿಲ್ಲ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನೆಲೆ ಹಾಕಿ ಚೀಲ ಹೊಲಿದೆವು. ಹೊಲದ ಕಾಯಿಯಲ್ಲೇ ನುಸಿಯ ತತ್ತಿ ಬಂದಿರುತ್ತದೆ, ಒಣಗಿಸದೆ ಒಟ್ಟಿದರೆ ಯಾವ ಶೆಲ್ಫೂ ಉಳಿಸದು. ಎಲ್ಲವನ್ನೂ ಒಮ್ಮೆಗೇ ಮಾರಲಿಲ್ಲ. ಸಾಲದವರಿಗೆ ಕೊಡಲು ಹತ್ತು ಚೀಲ ಮೊದಲು, ಉಳಿದದ್ದು ಧಾರಣೆ ನೋಡಿಕೊಂಡು ಎರಡು ಕಂತಿನಲ್ಲಿ ಮಾರಿದೆವು.

ಯುಗಾದಿಯ ಹಿಂದಿನ ದಿನ ಕೊನೆಯ ಚೀಲ ಹೋಯಿತು. ಹಲಗೆ ಒರೆಸಿ, ಏಣಿ ತಿರುಗಿಸಿ ಬೆಣೆ ತಳ್ಳಿದೆ. ಅವ್ವ ನೆಲವಿನಿಂದ ಗಡಿಗೆ ಇಳಿಸಿಸಿಕೊಂಡು ಒಂದೊಂದೇ ಜೋಡಿಸಿದಳು. ಅವಳ ಕೈಗೆ ಎಟುಕಲೆಂದು ಬೀಜಕ್ಕೆ ಕೆಳಗಿನ ಹಲಗೆ, ನನ್ನ ಪುಸ್ತಕಕ್ಕೆ ಮೇಲಿನದು. ಇಡುವ ಮೊದಲು ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಅಲುಗಲಿಲ್ಲ. ಅಗಸೆ-ಪುಂಡಿ ಬೆರೆತ ಗಡಿಗೆಯನ್ನು ಬೇರೆ ಇಟ್ಟು, "ಇದನ್ನ ಈ ಸಲ ಕೂಡಿಸೇ ಬಿತ್ತು, ಬೆಳೆದ ಮ್ಯಾಲ ಆರಿಸ್ಕೋಳೂಣು," ಅಂದಳು.