ರಾಗಿ ಹೊಲಕ್ಕೆ ಸಲಗವೇ ಏಕೆ ಬರುತ್ತದೆ?

ಸಂತೆಮರಹಳ್ಳಿಯ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಅಂಚಿನಲ್ಲಿ ರಾಗಿ ತೆನೆಗಟ್ಟಿತೆಂದರೆ ರೈತರಿಗೆ ನಿದ್ದೆಯಿಲ್ಲ. ಅಟ್ಟಣೆಯ ಮೇಲೆ ಕಾವಲು, ತಮಟೆ, ಪಟಾಕಿ. ಆದರೂ ಆನೆ ಬಂದೇ ಬರುತ್ತದೆ. ಬರುವುದು ಯಾವ ಆನೆ?

1980ರ ದಶಕದ ಆರಂಭದಲ್ಲಿ ಈ ಸೀಮೆಯ ಆನೆಗಳನ್ನು ಅಭ್ಯಸಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರಿಗೆ ಒಂದು ಸಂಗತಿ ಕಂಡಿತು. ಬೆಳೆಗೆ ನುಗ್ಗುವುದರಲ್ಲಿ ಬೆಳೆದ ಗಂಡು, ಅಂದರೆ ಸಲಗ, ಹೆಣ್ಣಿಗಿಂತ ಬಹಳ ಮುಂದು. ಹೊಲದ ರಾಗಿಯಲ್ಲಿ ಕಾಡಿನ ಹುಲ್ಲಿಗಿಂತ ಪ್ರೋಟೀನು ಹೆಚ್ಚು. ಹೆಣ್ಣಿಗೆ ಅದು ಬೇಡವೇ?

ಬೇಕು. ಆದರೆ ಸುಮಾರು 22 ತಿಂಗಳು ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುವ ತಾಯಿಯಾನೆ ಎಷ್ಟೇ ಮೇದರೂ ಅದರ ಸಂತಾನ ಅಷ್ಟೇನೂ ಹೆಚ್ಚದು. ಜೊತೆಯ ಮರಿಗಳಿಗೂ ಅಪಾಯ. ಸಲಗದ ಲೆಕ್ಕ ಬೇರೆ. ಮೈದುಂಬಿ ಮದವೇರಿದ ಸಲಗ ಎದುರಾಳಿಗಳನ್ನು ಹಿಮ್ಮೆಟ್ಟಿಸಿ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಅಪಾಯಕ್ಕೆ ಎದೆಗೊಟ್ಟು ಬದುಕಿದ ಗಂಡುಗಳ ಸಂತಾನ ಹೆಚ್ಚಿತು, ಆ ಸ್ವಭಾವವೂ ಉಳಿಯಿತು. ಇದು ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ 1988ರಲ್ಲಿ ಮುಂದಿಟ್ಟ ವಿವರಣೆಯ ಸಾರ. ಆನೆ ಕುಳಿತು ಗಣಿತ ಮಾಡುತ್ತದೆಂದಲ್ಲ. ತಲೆಮಾರುಗಳಿಂದ ಆ ಲೆಕ್ಕ ಹಾಕಿದ್ದು ನಿಸರ್ಗದ ಆಯ್ಕೆ.

ಆಗ ಕರೆಂಟು ಇರಲಿಲ್ಲ, ಅಷ್ಟೆ. ಬೇಲಿಗೆ ಕದ್ದು ಹರಿಸಿದ ವಿದ್ಯುತ್ತಿಗೆ ಈಗ ಮೊದಲು ಎದುರಾಗುವುದು ಇದೇ ಎದೆಗಾರ ಸಲಗ. ವರ್ಷದ ಕೂಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ರೈತನ ಸಂಕಟವೂ ಸಣ್ಣದಲ್ಲ.